ಬೀರುವಿನ ಮುಂದೆ ಕೂತ ನಾಯಿ

ಹೋಟೆಲಿನ ಬಟ್ಟೆ ಕೋಣೆಗೆ ಕಿಟಕಿಯೇ ಇರಲಿಲ್ಲ. ಪೊಲೀಸರು ಬರುವವರೆಗೆ ಇಲ್ಲೇ ಇರು ಎಂದು ಮ್ಯಾನೇಜರು ಹೊರಗಿನಿಂದ ಬೀಗ ಜಡಿದು ಹೋದಮೇಲೆ, ಹಾಸು ಹೊದಿಕೆ ನೋಡಿಕೊಳ್ಳುವ ಅಕ್ಕ ಚಾದರದ ರಾಶಿಗೆ ಒರಗಿ ಅಳುತ್ತಿದ್ದಳು. ಪಾಪ ಎಂದು ನೀರು ಕೊಡಲು ಬಂದ, ಹೋಟೆಲಿನ ಅಜ್ಜಿಯೊಬ್ಬಳನ್ನು ನೋಡಿಕೊಳ್ಳುವ ನರ್ಸಮ್ಮನೂ ಒಳಗೇ ಸಿಕ್ಕಿಬಿದ್ದಿದ್ದಳು.

"ನನ್ನ ಬೀರುವಿಗೆ ಗಾಂಜಾ ಪೊಟ್ಟಣ ಹೇಗೆ ಬಂತೋ ದೇವರಾಣೆ ಗೊತ್ತಿಲ್ಲ ಸಿಸ್ಟರ್. ಪೊಲೀಸರು ಎಳ್ಕೊಂಡು ಹೋದ್ರೆ ನನ್ನ ಮಕ್ಕಳ ಗತಿ ಏನು?"

ನಿನ್ನೆ ಇವತ್ತು ನಡೆದದ್ದನ್ನೆಲ್ಲ ನರ್ಸಮ್ಮ ಕಣ್ಣಾರೆ ಕಂಡಿದ್ದಳು. ನಾಯಿ ಬಿಟ್ಟು ಗಾಂಜಾ ಹುಡುಕಿಸುವ ಗುತ್ತಿಗೆ ಕೇಳಲು ಬಂದಿದ್ದ ನಾಯಿ ಮಾಸ್ತರ ನಿನ್ನೆಯೇ ಜಾಗ ನೋಡಿಹೋಗುತ್ತೇನೆಂದು ಒಬ್ಬನೇ ಈ ಕೋಣೆ ಹೊಕ್ಕಿದ್ದ. ಇವತ್ತು, "ಫ್ರಾಂಚೈಸಿಗೆ ದುಡ್ಡು ಕಟ್ಟಿ ಎರಡೇ ತಿಂಗಳು, ಹೇಗಿದೆ ನೋಡಿ ನಮ್ಮ ಪತ್ತೆ ನಾಯಿ!" ಎಂದು ಜಂಬ ಕೊಚ್ಚುತ್ತ, ಕೆಲಸದವರ ಬೀಗವಿಲ್ಲದ ಬೀರುಗಳ ಮುಂದೆ ಅದನ್ನು ನಡೆಸಿದ್ದ. ಕೊನೆಯ ಬೀರುವಿನ ಹತ್ತಿರ ತೊಡೆ ತಟ್ಟಿಕೊಂಡು ಕೆಮ್ಮಿದ್ದ. ನಾಯಿ ಪಟಕ್ಕನೆ ಕೂತಿತ್ತು. ಬೀರು ತೆಗೆದರೆ ಒಳಗೆ ಪೊಟ್ಟಣ ಸಿಕ್ಕಿತ್ತು.

ನರ್ಸಮ್ಮ ಮೂರನೇ ಮಹಡಿಯ ಅಜ್ಜಿಗೆ ಫೋನು ಹಚ್ಚಿದಳು. ಆ ಹೋಟೆಲಿನಲ್ಲೇ ಠಿಕಾಣಿ ಹೂಡಿದ್ದ ಅಜ್ಜಿ, ಗಾಲಿಕುರ್ಚಿ ಬಿಟ್ಟೇಳದೆ ಎಷ್ಟೋ ಕಳ್ಳರನ್ನು ಹಿಡಿದವಳು. ಆ ಕುರ್ಚಿ ತಳ್ಳುವವಳೇ ನರ್ಸಮ್ಮ.

ಎಲ್ಲ ಕೇಳಿದ ಅಜ್ಜಿ, "ನಿನ್ನ ಗಂಡನಿಗೆ ಅಂತ ಬೆಳಿಗ್ಗೆ ಎರಡು ಫ್ರಾಂಚೈಸಿ ಲೆಕ್ಕ ಹಾಕ್ತಿದ್ದೆಯಲ್ಲ, ಅದೇ ಕಂಪನಿಯಾ ಇವನದು?" ಎಂದಳು.

"ಹೂಂ ಅಜ್ಜಿ, ಅಂಗಿ ಮೇಲೆ ಅದೇ ಹೆಸರು. ನಾಯಿ ಪಳಗಿಸೋದಕ್ಕಾದ್ರೆ ನಾಲ್ಕು ಲಕ್ಷ, ಹದಿನೈದು ದಿನದ ಪಾಠ. ವಾಸನೆ ಪತ್ತೆಗೆ ಹದಿನೆಂಟು ಲಕ್ಷ, ಆರು ತಿಂಗಳು ಅವರ ಶಾಲೇಲಿ ಕೂರಬೇಕು. ಅಲ್ಲೀವರೆಗೆ ನಾಯಿ ಕೊಡಲ್ಲ."

"ಸಾಕು. ಅಳಬೇಡ ಅನ್ನು ಅವಳಿಗೆ."

ಸ್ವಲ್ಪ ಹೊತ್ತಿಗೆ ಬೀಗ ತೆರೆಯಿತು. ಅಜ್ಜಿಯ ಕುರ್ಚಿ ತಳ್ಳಿಕೊಂಡು ಮ್ಯಾನೇಜರು, ಹಿಂದೆ ನಾಯಿ ಮಾಸ್ತರ.

"ಸ್ವಲ್ಪ ಆ ಹಗ್ಗ ಕೊಡಪ್ಪ," ಎಂದು ಇಸಿದುಕೊಂಡ ಅಜ್ಜಿ, ಮ್ಯಾನೇಜರನ್ನು ಎದುರು ನಿಲ್ಲಿಸಿ ತೊಡೆ ತಟ್ಟಿಕೊಂಡು ಕೆಮ್ಮಿದಳು. ನಾಯಿ ಅವರ ಬೂಟಿನ ಮುಂದೆ ಕೂತಿತು.

"ಅಯ್ಯಯ್ಯೋ! ನಿಮ್ಮ ಜೇಬಲ್ಲೂ ಗಾಂಜಾನಾ ಮ್ಯಾನೇಜರೇ?"

ಮ್ಯಾನೇಜರು ಎರಡೂ ಜೇಬು ಹೊರಗೆಳೆದು ತೋರಿಸಿದರು. ಏನೂ ಇರಲಿಲ್ಲ.

"ಕೇಳಿ," ಎಂದಳು ಅಜ್ಜಿ. "ದುಡ್ಡು ಕಟ್ಟಿ ಎರಡು ತಿಂಗಳಾದವನಿಗೆ ಪತ್ತೆ ನಾಯಿ ಸಿಗೋದೇ ಇಲ್ಲ. ಇವನು ಕೊಂಡದ್ದು ಅಗ್ಗದ ಫ್ರಾಂಚೈಸಿ, ಬರೀ ನಾಯಿ ಪಳಗಿಸೋದು. ಈ ನಾಯಿಗೆ ಕೂರು ಅಂದ್ರೆ ಕೂರೋದು ಗೊತ್ತು, ಗಾಂಜಾ ವಾಸನೆ ಗೊತ್ತಿಲ್ಲ. ಹಾಗಾದ್ರೆ ಪೊಟ್ಟಣ ಎಲ್ಲಿದೆ ಅಂತ ಗೊತ್ತಿದ್ದದ್ದು ಯಾರಿಗೆ? ಕೂರಿಸಿದವನಿಗೆ. ನಿನ್ನೆ ಒಬ್ಬನೇ ಬಂದು ಇಟ್ಟುಹೋದವನಿಗೆ."

ಮಾಸ್ತರ ಕೈ ಮುಗಿದ. "ಗುತ್ತಿಗೆ ಸಿಗದಿದ್ರೆ ಮುಳುಗಿಹೋಗ್ತಿದ್ದೆ. ಅದು ಯಾರ ಬೀರು ಅಂತಾನೂ ನನಗೆ ಗೊತ್ತಿರಲಿಲ್ಲಮ್ಮ..."

"ಆಯ್ತಲ್ಲ," ಎಂದು ಮ್ಯಾನೇಜರು ಅಕ್ಕನ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಹೋಗಿ, ಕೆಲಸ ನೋಡ್ಕೊಳ್ಳಿ."

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. "ಇವನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ ಸಾರ್. ನಿಮಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು."