ಏಳನೇ ನಂಬರಿನ ಅಂಗಿ

ಜಪಾನ್ ಎದುರಿನ ಫೈನಲ್‌ಗೆ ಇನ್ನು ಒಂದೇ ತಾಸು. ಪಿನ್-ಹಾನ್‌ನ ಅಂಗಿ ಮಾಯ.

ತೈನಾನ್ ಕ್ರೀಡಾಂಗಣದ ಬಟ್ಟೆ ಕೋಣೆಯಲ್ಲಿ ಹದಿನೇಳು ಅಂಗಿಗಳು ನೇತಾಡುತ್ತಿದ್ದವು. ಏಳನೇ ನಂಬರಿನ ಕೊಕ್ಕೆ ಬರಿದು. ಹನ್ನೆರಡು ವರ್ಷದೊಳಗಿನವರ ವಿಶ್ವ ಬೇಸ್‌ಬಾಲ್‌ನಲ್ಲಿ ನೋಂದಾಯಿಸಿದ ಅಂಗಿ ಇಲ್ಲದವನು ಆಡುವಂತಿಲ್ಲ. ತೈವಾನ್ ತಂಡಕ್ಕಿದ್ದ ಒಳ್ಳೆಯ ಎಸೆತಗಾರ ಅವನೊಬ್ಬನೇ. ಅವನಿಗೋ, ನಿನ್ನೆ ಚೆಂಡು ಕಿವಿ ಸವರಿ ಹೋದಾಗಿನಿಂದ ಕೈ ನಡುಕ.

"ರಾತ್ರಿ ಒಗ್ದು ನಾನೇ ನೇತುಹಾಕಿದ್ದು," ಎಂದಳು ಅಗಸಗಿತ್ತಿ ಆಚೂ ಚಿಕ್ಕಮ್ಮ. "ಈಗ ಬಾಗ್ಲು ತೆಗೀತೀನಿ, ಇಲ್ಲ. ಕೂಗ್ಕೊಂಡೆ."

ಬಂದೋಬಸ್ತಿನ ಇನ್‌ಸ್ಪೆಕ್ಟರ್ ಯುಯೆ-ಷಿಯಾ ಬೀಗ ನೋಡಿದಳು. ಯಾರೂ ಮುರಿದಿಲ್ಲ.

"ಇದು ಜಪಾನಿನವರ ಕೆಲ್ಸ ಮೇಡಂ," ಎಂದ ಕೋಚ್ ಪಾನ್. "ಅವ್ರ ಮ್ಯಾನೇಜರ್ ಬೆಳಿಗ್ಗೆ ಇಲ್ಲೇ ಸುತ್ತಾಡ್ತಿದ್ದ."

\* \* \*

ಮ್ಯಾನೇಜರ್ ಕುವಾಬಾರಾ ಒಂಬತ್ತು ಸಲ ಬಗ್ಗಿ ನಮಸ್ಕರಿಸಿದ. ಕಿವಿ ನೋವಿನ ಹುಡುಗನಿಗೆಂದು ಸಿಹಿ ತಂದಿದ್ದನಂತೆ. ಬಾಗಿಲು ಹಾಕಿತ್ತು, ವಾಪಸ್ ಹೋದನಂತೆ. ಡಬ್ಬಿ ಇನ್ನೂ ಕಂಕುಳಲ್ಲೇ ಇತ್ತು.

\* \* \*

"ಎಲ್ರ ಚೀಲಾನೂ ನೋಡ್ಬೇಕು," ಎಂದಳು ಯುಯೆ-ಷಿಯಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪಾನ್ ತನ್ನ ಚೀಲವನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿದ.

"ಕೋಚ್, ತಂಡದ ಊಟ ಎಲ್ಲಿ?"

"ಹೋಟೆಲ್ಲಲ್ಲಿ."

"ಮತ್ತೆ ನಿಮ್ಮ ಪ್ಯಾಂಟಿನ ಮಡಿಕೇಲಿ ಹಸಿ ಅಕ್ಕಿ ಯಾಕಿದೆ? ತೋಳಿನ ಮೇಲೆ ಊದುಬತ್ತಿ ಬೂದಿ ಬೇರೆ."

ಪಾನ್ ಬಗ್ಗಿ ಮಡಿಕೆ ಕೊಡವತೊಡಗಿದ. ಅವಳೇ ಬಿಡಿಸಿ ಹೇಳಿದಳು. ಬೆದರಿದ ಮಗುವಿನ ಅಂಗಿಯಲ್ಲಿ ಅಕ್ಕಿ ಬಟ್ಟಲು ಸುತ್ತಿ, ಮಂತ್ರ ಹೇಳಿ ಹೆದರಿಕೆ ಇಳಿಸುವುದು ಗುಡಿಯ ಅಜ್ಜಿಯರ ಕೆಲಸ. ಬೀಗದ ಕೈ ಇದ್ದದ್ದು ಆಚೂ, ಪಾನ್ ಇಬ್ಬರ ಹತ್ತಿರ ಮಾತ್ರ. ಆಚೂ ಕದ್ದಿದ್ದರೆ ತಾನೇ ಕೂಗಿಕೊಳ್ಳುತ್ತಿರಲಿಲ್ಲ.

"ವಾಪಸ್ ಇಡೋಣ ಅಂತ ಬರೋಷ್ಟ್ರಲ್ಲಿ ಇವ್ಳು ಊರೆಲ್ಲ ಸೇರಿಸಿದ್ಲು," ಎಂದು ಗೊಣಗಿದ ಪಾನ್. "ಗುಡೀಲಿ ಕ್ಯೂ ಇತ್ತು."

"ಹೇಳ್ಬಹುದಿತ್ತಲ್ಲ?"

"ತಾಯಿತ ಕಟ್ಕೊಂಡು ಬಂದ ಹುಡುಗ್ರನ್ನ ಮೂರು ವರ್ಷದಿಂದ ಬೈತಿದೀನಿ ಮೇಡಂ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಚೀಲದಿಂದ ಅಂಗಿ ಬಂತು. ಕಾಲರಿನ ಒಳಗೆ ಗುಡಿಯ ಕೆಂಪು ಮುದ್ರೆ. ಪಿನ್-ಹಾನ್ ಅದನ್ನು ತೊಟ್ಟು ಚೆಂಡು ಹಿಡಿದ. ಕೈ ಅಲುಗಲಿಲ್ಲ. ಯುಯೆ-ಷಿಯಾಳಿಗೆ ನಿಜಕ್ಕೂ ಸಂತೋಷವಾಯಿತು. ಕಳ್ಳನ ಮೇಲಿನ ಸಿಟ್ಟೂ ಇಳಿಯಿತು.

ಅತ್ತ ಪಾನ್ ಆಟಗಾರರ ಪಟ್ಟಿಗೆ ಸಹಿ ಹಾಕಲು ಹೊರಟಿದ್ದ. ಪೆನ್ನು ಕಾಗದದ ಮೇಲೆ ಕುಣಿಯುತ್ತಿತ್ತು. ಪಿನ್-ಹಾನ್ ಅದನ್ನು ನೋಡಿದ.

"ಕೋಚ್, ನಿಮ್ಮ ಅಂಗೀನೂ ಬಿಚ್ಚಿಕೊಡಿ. ಚಿಕ್ಕಮ್ಮ ಗುಡಿಗೆ ಓಡಿಹೋಗಿ ಬರ್ತಾರೆ."