ಎಡ ಹುಬ್ಬಿನ ಸಾಕ್ಷಿ

ಹೋಟೆಲಿನ ಅಡುಗೆಮನೆಯವರೆಲ್ಲ ಅವನನ್ನು ಉಪ್ಪಣ್ಣ ಎಂದೇ ಕರೆಯುತ್ತಿದ್ದರು. ಎಷ್ಟು ದೊಡ್ಡ ಪಾತ್ರೆಯಿದ್ದರೂ ಒಂದೇ ಸಲ ಉಪ್ಪು ಹಾಕಿ ಮುಗಿಸುವ ಕೈ ಅವನದು. ಅದೇ ಹೋಟೆಲಿನ ವೈನ್ ಕೌಂಟರಿನಲ್ಲಿ ಒಂಬತ್ತು ವರ್ಷ ದುಡಿದ ಅವಳು ಮಾತ್ರ ಬರೀ ‘ಉಪ್ಪು’ ಎನ್ನುತ್ತಿದ್ದಳು.

“ಮದುವೆ ಆಗೋನನ್ನ ಅಣ್ಣ ಅಂತ ಕರೆಯೋಕೆ ನಂಗೇನು ತಲೆ ಕೆಟ್ಟಿದ್ಯಾ?”

ಇಬ್ಬರೂ ಕೆಲಸ ಬಿಟ್ಟು, ಅವಳ ಚಿಕ್ಕಪ್ಪನ ಹಳೆಯ ಕಾರಿನಲ್ಲಿ ಹೊರಟಿದ್ದರು. ಊರೂರಿನ ಊಟ, ಊರೂರಿನ ವೈನ್. ತಮ್ಮದೇ ಚಿಕ್ಕ ಹೋಟೆಲಿಗೆ ಎಂಟು ಅಡುಗೆ, ಎಂಟು ಬಾಟಲಿ ಆರಿಸಬೇಕಿತ್ತು. ಸೋಮವಾರ ಹೋಟೆಲಿನ ಕರಾರಿಗೆ ಇಬ್ಬರ ಸಹಿ. ಅದರ ಮುಂದಿನ ವಾರ ಮದುವೆ.

ವೈನ್ ರುಚಿ ನೋಡುವವರಲ್ಲಿ ಒಂದು ಕಟ್ಟುಪಾಡಿದೆ. ಎಲ್ಲರೂ ಅಭಿಪ್ರಾಯ ಹೇಳುವ ತನಕ ಮುಖದಲ್ಲಿ ಏನೂ ಕಾಣಿಸಬಾರದು. ಒಂಬತ್ತು ವರ್ಷ ಪಾಲಿಸಿದ್ದನ್ನು ಅವಳು ಮೂರೇ ದಿನದಲ್ಲಿ ಗಾಳಿಗೆ ತೂರಿದಳು. ತಪ್ಪು ಅವನದೇ. ಅವಳು ಗ್ಲಾಸು ಎತ್ತಿದೊಡನೆ ಅವನ ಕಣ್ಣು ಅವಳ ಮುಖದ ಮೇಲೆ ಬಂದು ಕೂರುತ್ತಿತ್ತು. ಮೊದಲು ಹುಬ್ಬಿನ ಮೇಲೆ, ಆಮೇಲೆ ಮೂಗಿನ ತುದಿಗೆ, ಕೊನೆಗೆ ತುಟಿಯ ಅಂಚಿಗೆ.

“ಹಾಗೆ ನೋಡ್ಬೇಡ್ವೋ. ವೈನ್ ನೋಡು.”

“ವೈನ್ ಎಲ್ಲೂ ಓಡಿಹೋಗಲ್ಲ.”

“ನಾನೇನು ಓಡಿಹೋಗ್ತೀನಾ?”

ಅವನು ಬ್ರೆಡ್ಡು ಮುರಿದ. ಅವಳು ಆ ನೋಟವನ್ನು ಪ್ರೀತಿ ಎಂದುಕೊಂಡಳು. ಮದುವೆಗೆ ಹತ್ತು ದಿನವಿರುವಾಗ ಇನ್ನೇನೆಂದುಕೊಳ್ಳಬೇಕು?

ನಾಲ್ಕನೆಯ ದಿನ ಮಧ್ಯಾಹ್ನ, ದಿಬ್ಬದ ಕೆಳಗಿನ ಒಂದು ದ್ರಾಕ್ಷಿ ತೋಟ. ಕಲ್ಲಿನ ನೆಲಮಾಳಿಗೆಯಲ್ಲಿ ತೋಟದ ಅಜ್ಜಿ ಕಾಳಿನ ಸೂಪು, ಮೇಕೆಹಾಲಿನ ಚೀಸು ಇಟ್ಟು, ಬಾಟಲಿ ಬಿಚ್ಚಿ ಇಬ್ಬರಿಗೂ ಸುರಿದಳು.

“ನಿಮ್ಮ ಕಾರು ನಂಗಿಂತ ಹಳೇದು ಕಣಮ್ಮ. ಮದುವೆ ಮನೆ ತನಕ ತಲುಪುತ್ತಾ?”

ಅಜ್ಜಿಯ ಮಾತಿಗೆ ಅವಳು ನಗುತ್ತಲೇ ಗ್ಲಾಸನ್ನು ಮೂಗಿನ ಬಳಿ ತಂದಳು. ಒದ್ದೆ ಗೋಣಿಚೀಲದ ಮುಗ್ಗುಲು ವಾಸನೆ. ನಗು ಇನ್ನೂ ಮುಖದಿಂದ ಇಳಿದಿರಲಿಲ್ಲ, ಅಷ್ಟರಲ್ಲಿ ಅವನು ಆ ಮುಖ ನೋಡುತ್ತಲೇ ಒಂದು ಗುಟುಕು ಕುಡಿದು ಹೇಳಿಬಿಟ್ಟ:

“ಅಬ್ಬಾ! ಏನು ಘಮ! ಹೂವಿನ ತೋಟಕ್ಕೆ ಹೋದ ಹಾಗಿದೆ. ಇದನ್ನೇ ತಗೊಳ್ಳೋಣ.”

ಅಜ್ಜಿ ಬಾಟಲಿಯನ್ನು ಮೂಸಿ ಮುಖ ಕಿವುಚಿದಳು. “ಅಯ್ಯೋ ಮಗನೇ, ಕಾರ್ಕ್ ಕೆಟ್ಟು ಹಾಳಾಗಿದೆ ಇದು. ಇದರಲ್ಲಿ ಹೂವು ಎಲ್ಲಿ ಸಿಕ್ತಪ್ಪಾ ನಿಂಗೆ?” ಎನ್ನುತ್ತ ಬೇರೆ ಬಾಟಲಿ ತರಲು ಒಳಗೆ ಹೋದಳು.

ಅವಳು ಗ್ಲಾಸು ಕೆಳಗಿಟ್ಟಳು.

“ಯಾವಾಗಿಂದ?”

“ಎರಡು ತಿಂಗಳ ಹಿಂದೆ ಜ್ವರ ಬಂದಿತ್ತಲ್ಲ, ಆಗಿಂದ. ಮೂಗಿಗೆ ಏನೂ ತಿಳಿಯಲ್ಲ. ವಾಪಸ್ ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು ಡಾಕ್ಟರು.”

“ಹಾಗಾದ್ರೆ ಇಷ್ಟು ದಿನ ನನ್ನ ಮುಖ…”

“ಓದ್ತಿದ್ದೆ.” ಅವನು ತಲೆ ಎತ್ತಲಿಲ್ಲ. “ಚೆನ್ನಾಗಿದ್ರೆ ನಿನ್ನ ಎಡ ಹುಬ್ಬು ಮೊದಲು ಏಳುತ್ತೆ. ಹುಳಿ ಅತಿಯಾದ್ರೆ ಮೂಗು ಒಂಚೂರು ಸುಕ್ಕಾಗುತ್ತೆ. ಇಷ್ಟ ಆಗದೇ ಇದ್ರೂ ಕೊಟ್ಟವರಿಗೆ ಬೇಜಾರಾಗ್ಬಾರದು ಅಂತಿದ್ರೆ, ಕೆಳತುಟಿ ಒಳಗೆ ಕಚ್ಕೋತೀಯ.”

ಬೈಯಬೇಕೆಂದಿದ್ದವಳ ಬೆರಳು ತಾನಾಗಿಯೇ ಎಡ ಹುಬ್ಬಿಗೆ ಹೋಯಿತು. ಹೆತ್ತಮ್ಮನೂ ಇಷ್ಟನ್ನು ಕಂಡಿರಲಿಲ್ಲ.

“ಸೋಮವಾರ ನೀನೊಬ್ಳೇ ಸಹಿ ಹಾಕು,” ಎಂದ ಅವನು. “ಮದುವೆ ವಿಷಯಾನೂ ಇನ್ನೊಂದ್ಸಲ ಯೋಚಿಸು. ವಾಸನೆ ತಿಳಿಯದ ಅಡುಗೆಯವನನ್ನ ಕಟ್ಕೊಂಡು ಏನ್ಮಾಡ್ತೀಯ?”

“ಸುಮ್ನಿರು.” ಅವಳ ಕಣ್ಣು ತುಂಬಿತು. “ನಾಲಿಗೆ?”

“ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತೆ. ಅಷ್ಟೇ.”

ಅವಳು ಕೆಟ್ಟ ವೈನಿನ ಗ್ಲಾಸುಗಳನ್ನು ಪಕ್ಕಕ್ಕೆ ಸರಿಸಿದಳು. ಕೊಟ್ಟ ದೇವರೇ ತೆಗೆದುಕೊಂಡಿದ್ದ, ಪೂರ್ತಿಯಾಗಿ ತೆಗೆದುಕೊಂಡಿರಲಿಲ್ಲ. ಉಳಿಸಿದ್ದನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ.

“ಮೂಗು ನಂದು, ಕೈ ನಿಂದು. ಸಹಿ ಇಬ್ರದೂ. ಇನ್ನೊಂದ್ಸಲ ಏನಾದ್ರೂ ಮುಚ್ಚಿಟ್ಯೋ, ಆ ಕಾರಿಂದ ಇಳಿಸಿ ಮನೆ ತನಕ ನಡೆಸ್ತೀನಿ.”

ಅವನು ಮೇಜಿನಾಚೆಯಿಂದ ಬಾಗಿ, ಅವಳ ಕೆನ್ನೆಗಿಳಿದ ಹನಿಗೆ ತುಟಿಯೊತ್ತಿದ.

“ಹೇಗಿದೆ?” ಎಂದಳು.

“ಉಪ್ಪು ಸರಿಯಾಗಿದೆ.”

ಅವಳ ಎಡ ಹುಬ್ಬು ಮೊದಲು ಎದ್ದಿತು.