ತುದಿಯ ಎರಡು ಮಾತ್ರೆ

“ದುಡ್ಡಿಲ್ಲದವರಿಗೆ ಕಾಯಿಲೆ ಯಾಕ್ರೀ ಬರಬೇಕು?”

ಮೆಡಿಕಲ್ ಅಂಗಡಿಯ ಯಜಮಾನ ಹೀಗಂದಾಗ ಕೌಂಟರಿನ ಮುಂದೆ ಜನವೋ ಜನ. ಇಬ್ಬರು ನಕ್ಕರಂತೆ. ಬೈಸಿಕೊಂಡ ಟೈಲರ್ ನೆಟ್ಟಗೆ ಠಾಣೆಗೆ ಬಂದ, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನೂ ತೆಗೆಯದೆ ದೂರು ಬರೆಸಿದ. ಹೆಂಡತಿಗೆ ಫಿಟ್ಸ್. ಅದರ ಮಾತ್ರೆಗೆ ಪೇಟೆಂಟು. ಮಾಡುವ ಕಂಪನಿ ಒಂದೇ, ಊರಲ್ಲಿ ಮಾರುವ ಅಂಗಡಿಯೂ ಒಂದೇ. ಮೂರು ತಿಂಗಳಿಂದ ರೇಟು ಡಬಲ್. ಮುದ್ರಿಸಿದ ಬೆಲೆ ತೋರಿಸಿ ಅಂದದ್ದೇ ಅವನ ತಪ್ಪು.

“ದಿನಕ್ಕೆರಡು ಕೊಡಬೇಕು ಸಾರ್, ಒಂದೇ ಕೊಡ್ತಿದೀನಿ. ಮೊನ್ನೆ ಒಲೆ ಮುಂದೆ ಬಿದ್ದುಬಿಟ್ಲು.”

ದೂರು ಬರೆದುಕೊಂಡ ದಫೇದಾರನಿಗೆ ಮೈಯೆಲ್ಲ ಉರಿದುಹೋಯಿತು. ಇಂಥವನ ಕೊರಳಪಟ್ಟಿ ಹಿಡಿದು ತರೋದಕ್ಕೆ ಕಾಗದ ಪತ್ರ ಬೇರೆ ಕೇಡು! ಇನ್‌ಸ್ಪೆಕ್ಟರ್ ಮೇಡಂ ಮಾತ್ರ ತಣ್ಣಗೆ ಎಫ್‌ಐಆರ್ ಹಾಕಿಸಿದರು. ಸರ್ಕಾರಿ ಡಾಕ್ಟರಿಂದ ಚೀಟಿ ತರಿಸಿ ದಫೇದಾರನ ಕೈಗಿಟ್ಟರು. “ಮಫ್ತೀಲಿ ಹೋಗಿ ಮಾತ್ರೆ ತನ್ನಿ. ಮೀಸೆ ತಿರುವಬೇಡಿ, ಪೊಲೀಸು ಅಂತ ಗೊತ್ತಾಗುತ್ತೆ.”

ಬೆಳಿಗ್ಗೆ 11.20. ಯಜಮಾನ ಚೀಟಿ ನೋಡಿದ.

“ಯಾರಿಗ್ರೀ ಫಿಟ್ಸು?”

ದಫೇದಾರ ತಡಬಡಾಯಿಸಿದ. “ನಮ್ಮ ಮೇಡಂಗೆ.”

“ಜೋರಾಗಿ ಬರುತ್ತಾ?”

“ಅಯ್ಯೋ, ಸೋಮವಾರ ಬಂತು ಅಂದ್ರೆ ಎಲ್ಲರೂ ಗಡಗಡ.”

ಜೇಬಿನ ಫೋನಿನಲ್ಲಿ ಮೇಡಂ ಎಲ್ಲ ಕೇಳಿಸಿಕೊಳ್ಳುತ್ತಿದ್ದಾರೆಂದು ನೆನಪಾದಾಗ ಅಂಗೈಯಿಂದ ಜೇಬು ಮುಚ್ಚಿಕೊಂಡ.

ಯಜಮಾನ ಆರು ಮಾತ್ರೆ ಕತ್ತರಿಸಿ ಕೊಟ್ಟ. ರೇಟು ಟೈಲರ್ ಹೇಳಿದ್ದೇ. ಹಿಂದೆ ತಿರುಗಿಸಿದರೆ ಬೆಲೆಯೇ ಇಲ್ಲ.

“ಪೂರ್ತಿ ಸ್ಟ್ರಿಪ್ ಕೊಡಿ.”

“ಕೊಡಲ್ಲ. ಇಷ್ಟ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ದಾರಿ ನೋಡ್ಕೊಳ್ಳಿ.”

ಠಾಣೆಯಲ್ಲಿ ಮೇಡಂ ತುಂಡನ್ನು ತಿರುವಿ ನೋಡಿದರು. “ನನಗೆ ಸೋಮವಾರ ಬರುತ್ತೆ ಅಲ್ವೇನ್ರೀ?” ಎಂದವರು, ದಫೇದಾರ ನೆಲ ನೋಡುತ್ತಿರುವಾಗಲೇ, ಬೆಂಚಿನ ಮೇಲೆ ಕಾದು ಕೂತಿದ್ದ ಟೈಲರ್ ಕಡೆ ತಿರುಗಿದರು.

“ನಮ್ಮತ್ತೆಗೆ ಮಾತ್ರೆ ತರೋಳು ನಾನೇ. ಬಿಡಿ ಮಾತ್ರೆ ಕೊಡೋರು ಬೆಲೆ, ತಾರೀಖು ಇರೋ ತುದಿ ಕೊನೇವರೆಗೂ ಉಳಿಯೋ ಹಾಗೆ ಕತ್ತರಿಸ್ತಾರೆ. ಆ ಕೊನೇ ತುಂಡೂ ಯಾರಿಗಾದ್ರೂ ಹೋಗ್ಲೇಬೇಕಲ್ಲ. ನಿಮಗೆ ಒಂದು ಸಲಾನಾದ್ರೂ ಬಂತಾ?”

“ಮೂರು ತಿಂಗಳಿಂದ ಇಲ್ಲ ಮೇಡಂ.”

“ಹಾಗಾದ್ರೆ ಆ ತುದಿಗಳೆಲ್ಲ ಎಲ್ಲಿ?”

ಸಂಜೆ ನಾಲ್ಕಕ್ಕೆ ಶೋಧ. ಜೊತೆಗೆ ಔಷಧ ಇಲಾಖೆಯ ಅಧಿಕಾರಿ, ಇಬ್ಬರು ಪಂಚರು, ಟೈಲರ್. ಕಪಾಟು, ಕಸದ ಬುಟ್ಟಿ ಎರಡರಲ್ಲೂ ಏನಿಲ್ಲ. ಯಜಮಾನ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ದಫೇದಾರ ಅವನನ್ನು ಎಬ್ಬಿಸಿ, ಕುರ್ಚಿಯಡಿಯಿಂದ ಬಿಸ್ಕತ್ತಿನ ಡಬ್ಬಿ ಎಳೆದು ಅಲ್ಲಾಡಿಸಿದ. ಗಲಗಲ!

ಒಳಗೆ ಬೆಳ್ಳಗೆ ಹೊಳೆಯುವ ತುದಿಗಳು. ಪ್ರತಿಯೊಂದರ ಮೇಲೂ ಬೆಲೆ, ಟೈಲರ್ ಕೊಡುತ್ತಿದ್ದುದರ ಅರ್ಧ. ದಫೇದಾರ ತನ್ನ ತುಂಡಿಗೆ ಒಂದೊಂದನ್ನೇ ಜೋಡಿಸಿ ನೋಡಿದ. ಒಂದರ ಸೊಟ್ಟ ಅಂಚು ಸರಿಯಾಗಿ ಕೂತಿತು. ಪಂಚರಿಗೂ ಹುರುಪು ಬಂತು. ಟೈಲರ್ ತಂದಿದ್ದ ಖಾಲಿ ತುಂಡುಗಳನ್ನು ಹರವಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು. “ಇದು ನಂದು, ಕೈ ತೆಗೀರಿ!” ಅಂತ ಜಗಳ ಬೇರೆ. ಪಂಚನಾಮೆ ಅರ್ಧ ಗಂಟೆ ತಡವಾಯಿತು.

“ಇದನ್ನ ಎಸೆದಿದ್ರೆ ಅರ್ಧ ಕೇಸು ಬಿದ್ದುಹೋಗ್ತಿತ್ತಲ್ರೀ?” ಮೇಡಂ ಕೇಳಿದರು.

“ಒಂದೊಂದರಲ್ಲೂ ಎರಡೆರಡು ಮಾತ್ರೆ ಇತ್ತು ಮೇಡಂ. ಎಸೆಯೋಕೆ ಹೊಟ್ಟೆ ಉರೀತು.”

ದಫೇದಾರ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದ.

5.40ಕ್ಕೆ ಬಂಧನ. ಹೇಳಿಕೆಯಲ್ಲಿ ಯಜಮಾನ ಬರೆಸಿದ್ದು ಇಷ್ಟೇ: ಎದುರು ಸಾಲಿನಲ್ಲಿ ದೊಡ್ಡ ಮೆಡಿಕಲ್ ಅಂಗಡಿ ಬಂದ ಮೇಲೆ ಕೆಮ್ಮಿನ ಔಷಧಿಗೂ ಜನ ತನ್ನ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಅಲ್ಲಿ ಸಿಗದ ಈ ಒಂದು ಮಾತ್ರೆಗೆ ಮಾತ್ರ ತಲೆ ತಗ್ಗಿಸಿ ಬರುತ್ತಿದ್ದರು. ಅದರ ರುಚಿ ಹತ್ತಿತು.

ಅಧಿಕಾರಿ ಟೈಲರ್‌ಗೆ ಒಂದು ಪೂರ್ತಿ ಸ್ಟ್ರಿಪ್ ಮುದ್ರಿತ ಬೆಲೆಗೆ ಕೊಡಿಸಿದರು. ಹೊರಗೆ ಮತ್ತೆ ಅದೇ ಜನ. ಜೀಪು ಹತ್ತುತ್ತಿದ್ದ ಯಜಮಾನ ತಿರುಗಿ ನಿಂತ.

“ಟೈಲರೇ, ಕಂಪನಿಯವನು ಮಾಡೋ ಖರ್ಚಿನ ಹತ್ತು ಪಟ್ಟು ಹಾಕಿದ್ರೆ ಪೇಟೆಂಟು, ನಾನು ಎರಡು ಪಟ್ಟು ಹಾಕಿದ್ರೆ ಕಳ್ಳತನಾನಾ? ಹೇಳ್ರೀ!”

ದಫೇದಾರ ಮೇಡಂ ಮುಖ ನೋಡಿದ. ಮೇಡಂ ಟೋಪಿ ಸರಿಮಾಡಿಕೊಂಡರು. ಅದಕ್ಕೆ ಅವರ ಹತ್ತಿರ ಸೆಕ್ಷನ್ ಇರಲಿಲ್ಲ.

ಟೈಲರ್ ಸ್ಟ್ರಿಪ್ಪಿನ ತುದಿಯನ್ನು ಹೆಬ್ಬೆರಳಿಂದ ಒಮ್ಮೆ ಸವರಿ ಜೇಬಿಗಿಟ್ಟ. ಸಂಜೆಯ ಮಾತ್ರೆಗೆ ಹೊತ್ತಾಗಿತ್ತು. ಮನೆಯ ಕಡೆ ದಾಪುಗಾಲು ಹಾಕಿದ.